ಹಿತ್ತಲ ಗೇಟಿನ ಲೆಕ್ಕ

ಸಕ್ಕರೆ ಕಾರ್ಖಾನೆಯೊಳಗೆ 100 ಟನ್ ಕಬ್ಬು ಹೋದರೆ ಹೊರಗೆ ಬರುವ ಸಕ್ಕರೆ ಹತ್ತು ಟನ್ನಿನ ಆಸುಪಾಸು. ಜೊತೆಗೆ ಸುಮಾರು 30 ಟನ್ ಸಿಪ್ಪೆ, ನಾಲ್ಕೈದು ಟನ್ ಕಾಕಂಬಿ, ರಸ ಸೋಸಿದ ಮೇಲೆ ಉಳಿಯುವ ಕೆಸರಾದ ಮೂರ್ನಾಲ್ಕು ಟನ್ ಪ್ರೆಸ್‌ಮಡ್ ಬರುತ್ತವೆ. ಉಳಿದದ್ದೆಲ್ಲ ಬಹುಪಾಲು ನೀರು. ತೂಕ ಹಾಕಿ ನೋಡಿದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಂದ ಸಕ್ಕರೆಗಿಂತ ಮಿಕ್ಕ ಸಾಮಾನೇ ಹೆಚ್ಚು ಹೊರಬೀಳುತ್ತದೆ. ಆದರೂ ಅಲ್ಲಿ ಯಾರೂ ಸಿಪ್ಪೆಯನ್ನು ಕಸ ಎನ್ನುವುದಿಲ್ಲ. ಅದು ಬಾಯ್ಲರ್‌ಗೆ ಉರುವಲು. ಅದರ ಹಬೆಯಿಂದ ಗಿರಣಿಯೂ ತಿರುಗುತ್ತದೆ, ಮಿಗುವ ವಿದ್ಯುತ್ತು ಗ್ರಿಡ್‌ಗೂ ಹೋಗುತ್ತದೆ. ಕಾಕಂಬಿ ಡಿಸ್ಟಿಲರಿಗೆ ಹೋಗಿ ಎಥನಾಲ್ ಆಗುತ್ತದೆ. ಪ್ರೆಸ್‌ಮಡ್ಡನ್ನು ರೈತರು ಗೊಬ್ಬರಕ್ಕೆಂದು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಈಚಿನ ವರ್ಷಗಳಲ್ಲಿ ಅದರಿಂದ ಜೈವಿಕ ಅನಿಲ ತೆಗೆಯುವ ಘಟಕಗಳೂ ಬಂದಿವೆ.

ಅದೇ ಆವರಣದ ಡಿಸ್ಟಿಲರಿಯ ಕಥೆ ಬೇರೆ. ಒಂದು ಲೀಟರ್ ಮದ್ಯಸಾರ ತೆಗೆದರೆ ಹತ್ತರಿಂದ ಹದಿನೈದು ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಕಡುಕಂದು ಬಣ್ಣದ, ಬಿಸಿಯಾದ, ವಾಸನೆಯ ದ್ರವ. ಹಳ್ಳಕ್ಕೆ ಬಿದ್ದರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಕುಡಿದು ಮೀನು ಸಾಯಿಸುತ್ತದೆ. ಅದನ್ನು ಕೊಳ್ಳುವವರು ಇರಲಿಲ್ಲ. ಆದ್ದರಿಂದ ದಶಕಗಳ ಕಾಲ ಅದಕ್ಕೆ ಯೋಜನೆಯೂ ಇರಲಿಲ್ಲ. ದೊಡ್ಡ ಹೊಂಡಗಳಲ್ಲಿ ನಿಂತಿತು, ಮಳೆಗಾಲದಲ್ಲಿ ತುಂಬಿ ಹರಿಯಿತು, ಸುತ್ತಲಿನ ಬಾವಿಗಳ ನೀರಿಗೆ ಬಣ್ಣ ಬಂತು. ಒಂದು ಹನಿಯೂ ಹೊರಗೆ ಬಿಡಬಾರದೆಂದು ಮಾಲಿನ್ಯ ನಿಯಂತ್ರಣ ಮಂಡಳಿಗಳು ಪಟ್ಟು ಹಿಡಿದ ಮೇಲೆ ಅದನ್ನು ಬತ್ತಿಸಿ, ವಿಶೇಷ ಬಾಯ್ಲರ್‌ನಲ್ಲಿ ಸುಟ್ಟು, ಬೂದಿಯಿಂದ ಪೊಟ್ಯಾಷ್ ಗೊಬ್ಬರ ತೆಗೆಯುವ ದಾರಿ ತೆರೆದುಕೊಂಡಿತು. ಸಿಪ್ಪೆಯ ಒಂದೊಂದು ಕಿಲೋಗೂ ಲೆಕ್ಕ ಇಟ್ಟ ಮಂದಿಯೇ ಸ್ಪೆಂಟ್ ವಾಶ್‌ನ ಹೊಂಡಕ್ಕೆ ಅಷ್ಟು ವರ್ಷ ಬೆನ್ನು ತಿರುಗಿಸಿ ಕೂತಿದ್ದರು. ತಂತ್ರಜ್ಞಾನ ಇರಲಿಲ್ಲವೆನ್ನುವುದು ಇದಕ್ಕೆ ಅರ್ಧ ಕಾರಣ ಮಾತ್ರ.

ಉದ್ಯಮದ ಸುಸ್ಥಿರತೆ ಎಂಬ ವಿಷಯದ ಮೇಲೆ ಇಂದು ಎಷ್ಟೋ ಮಾತು, ಎಷ್ಟೋ ವರದಿ ಬರುತ್ತಿದೆ. ಅದರಲ್ಲಿ ತ್ಯಾಜ್ಯದ ಯೋಜನೆ ಎಂದರೆ ಸಾಮಾನ್ಯವಾಗಿ ಮಾರಬಹುದಾದ ಮಿಕ್ಕಿದ್ದರ ಯೋಜನೆಯೇ. ನನ್ನ ಮಟ್ಟಿಗೆ ಪರೀಕ್ಷೆ ಇರುವುದು ಇನ್ನೊಂದು ತುದಿಯಲ್ಲಿ: ಯಾವುದಕ್ಕೆ ಬೆಲೆಯಿಲ್ಲವೋ ಅದನ್ನು ಯಾರು ಹೊರುತ್ತಾರೆ? ಕರ್ನಾಟಕದ ಉದ್ಯಮಗಳನ್ನು ಈ ಪ್ರಶ್ನೆ ಹಿಡಿದು ನೋಡುತ್ತ ಹೋದರೆ, ಎಲ್ಲಿ ಯೋಜನೆ ಇದೆ, ಎಲ್ಲಿ ಅದರ ಹೆಸರು ಮಾತ್ರ ಇದೆ ಎನ್ನುವುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಮಾರಾಟವಾಗುವ ಕಡೆ ನಮ್ಮವರ ಜಾಣತನಕ್ಕೆ ಕೊರತೆಯಿಲ್ಲ. ರಾಮನಗರ, ಶಿಡ್ಲಘಟ್ಟದ ಸುತ್ತಲಿನ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ನೂಲು ತೆಗೆದ ಮೇಲೆ ಉಳಿಯುವ ಹುಳುವನ್ನು ಒಣಗಿಸಿ ಎಣ್ಣೆ ತೆಗೆಯುತ್ತಾರೆ, ಹಿಂಡಿಯನ್ನು ಕೋಳಿ ಮತ್ತು ಮೀನಿನ ಆಹಾರಕ್ಕೆ ಕಳಿಸುತ್ತಾರೆ. ಎಳೆ ಸಿಗದ ರೇಷ್ಮೆ ವೇಸ್ಟು ಸ್ಪನ್ ಸಿಲ್ಕ್ ಗಿರಣಿಗಳಲ್ಲಿ ಮತ್ತೆ ನೂಲಾಗುತ್ತದೆ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳು ಬೀಜದ ತೂಕದ ಬಹುಪಾಲಾದ ಸಿಪ್ಪೆಯಿಂದ ಎಣ್ಣೆ ತೆಗೆಯುತ್ತವೆ. ಅದು ಪೇಂಟಿಗೂ ಬ್ರೇಕ್ ಲೈನಿಂಗಿಗೂ ಬೇಕು. ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಅಡಿಕೆ ಹಾಳೆ ತಟ್ಟೆಯಾಗಿ ವಿದೇಶಕ್ಕೂ ಹೋಗುತ್ತಿದೆ. ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕಿಟ್ಟ ಸಿಮೆಂಟಿಗೆ ಸೇರುತ್ತದೆ, ಒಂದಷ್ಟು ಮರಳಿಗೆ ಬದಲಾಗಿ ಕಟ್ಟಡಗಳಿಗೂ ಹೋಗುತ್ತದೆ.

ಕಾಫಿ ಮಾತ್ರ ಸ್ವಲ್ಪ ನಿಂತು ನೋಡಬೇಕಾದ ವಿಷಯ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಹುಳಿಯಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಪಾರ್ಚ್‌ಮೆಂಟಿಗೆ ಬೆಲೆ ಹೆಚ್ಚು. ಆದರೆ ಹಣ್ಣಿನ ತೂಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ 40 ಪಾಲು ಸಿಪ್ಪೆಯಾಗಿ ಉಳಿಯುತ್ತದೆ, ಲೋಳೆ ತೊಳೆದ ನೀರು ಹುಳಿಯಾಗಿ, ಕಪ್ಪಾಗಿ ಹರಿಯುತ್ತದೆ. ಸಿಪ್ಪೆಗೆ ಗೊಬ್ಬರದ ಗುಂಡಿ ಇದೆ. ನೀರಿಗೆ ಹಲವು ಕಡೆ ಏನೂ ಇಲ್ಲ. ಪಲ್ಪಿಂಗ್ ನಡೆಯುವುದು ಸರಿಯಾಗಿ ನವೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ಮಳೆ ನಿಂತು ಹಳ್ಳತೊರೆಗಳು ಇಳಿಮುಖವಾಗುವ ಹೊತ್ತಿಗೆ. ಜುಲೈಯಲ್ಲಿ ಕೊಚ್ಚಿಹೋಗಬಹುದಾದ ಕೊಳೆ ಜನವರಿಯಲ್ಲಿ ಮಡುವಿನಲ್ಲೇ ನಿಲ್ಲುತ್ತದೆ. ಕೆಳಗಿನ ಊರಿನವರು ದನಕ್ಕೆ ಕುಡಿಸುವ, ಬಟ್ಟೆ ಒಗೆಯುವ ನೀರು ಅದು. ಕಡಿಮೆ ನೀರು ಬೇಡುವ ಪಲ್ಪರ್‌ಗಳು ಬಂದಿವೆ, ತೊಳೆದ ನೀರನ್ನೇ ಮತ್ತೆ ಪಲ್ಪರ್‌ಗೆ ತಿರುಗಿಸುವ, ಸುಣ್ಣ ಹಾಕಿ ಹುಳಿ ಮುರಿದು ಹೊಂಡಗಳಲ್ಲಿ ತಿಳಿಯಾಗಿಸುವ ವಿಧಾನಗಳೂ ಇವೆ. ದೊಡ್ಡ ಎಸ್ಟೇಟುಗಳು ಇದನ್ನು ಮಾಡುತ್ತವೆ. ಹತ್ತು ಎಕರೆಯ ಬೆಳೆಗಾರನೊಬ್ಬನೇ ಮಾಡುವುದು ಕಷ್ಟ. ಆತನಿಗೆ ಬೇಕಾದದ್ದು ಊರಿಗೊಂದು ಸಾಮೂಹಿಕ ಪಲ್ಪಿಂಗ್ ಮನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಿಕ್ಕದ್ದನ್ನು ಏನು ಮಾಡಬೇಕು ಎನ್ನುವ ಮಾತಾಯಿತು. ಮಿಗದಂತೆ ಮಾಡುವುದು ಅದಕ್ಕಿಂತ ಮುಂಚಿನ ಕೆಲಸ, ಲಾಭವೂ ಅದರಲ್ಲೇ ಹೆಚ್ಚು. ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗಳ ಕಟಿಂಗ್ ವಿಭಾಗಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುತ್ತಾರೆ. ಅದರ ಮೇಲೆ ಮಾರ್ಕರ್ ಬರುತ್ತದೆ: ಅಂಗಿಯ ಮುಂಭಾಗ, ಬೆನ್ನು, ತೋಳು, ಕಾಲರ್ ಎಲ್ಲದರ ಆಕಾರವನ್ನು ಒಂದರ ಸಂದಿಗೆ ಇನ್ನೊಂದು ಕೂರುವಂತೆ ಬರೆದ ಹಾಳೆ. ಆಮೇಲೆ ನೇರ ಅಲಗಿನ ಯಂತ್ರ ಒಂದೇ ಏಟಿಗೆ ಎಲ್ಲ ಪದರಗಳನ್ನೂ ಕತ್ತರಿಸುತ್ತದೆ. ಆಕಾರಗಳ ನಡುವೆ ಉಳಿದದ್ದು ಚಿಂದಿ. ದೊಡ್ಡ ಸೈಜಿನ ಸಂದಿಯಲ್ಲಿ ಚಿಕ್ಕ ಸೈಜಿನ ತೋಳು ಕೂರಿಸಿದರೆ, ಹಾಸುವಾಗ ತುದಿಯಲ್ಲಿ ಬಿಡುವ ಹೆಚ್ಚುವರಿಯನ್ನು ಒಂದೆರಡು ಸೆಂಟಿಮೀಟರ್ ತಗ್ಗಿಸಿದರೆ, ಬಟ್ಟೆಯ ಅಗಲ ಥಾನಿನಿಂದ ಥಾನಿಗೆ ಬದಲಾಗುವುದನ್ನು ಅಳೆದು ಅದಕ್ಕೆ ಹೊಂದುವ ಮಾರ್ಕರ್ ಹಾಕಿದರೆ ಚಿಂದಿ ಇಳಿಯುತ್ತದೆ. ಲಕ್ಷ ಮೀಟರ್ ಬಟ್ಟೆ ಬಳಸುವಲ್ಲಿ ನೂರಕ್ಕೆ ಒಂದು ಪಾಲು ಉಳಿಸಿದರೂ ಸಾವಿರ ಮೀಟರ್. ಒಂದು ಉಡುಪಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಟ್ಟೆಯದೇ ಆಗಿರುವಾಗ ಇದು ಸಣ್ಣ ಮೊತ್ತವಲ್ಲ. ಕಸದ ಯೋಜನೆಯನ್ನು ಇಲ್ಲಿ ಮಾಡುತ್ತಿರುವವರು ಹೌಸ್‌ಕೀಪಿಂಗ್‌ನವರಲ್ಲ, ಮಾರ್ಕರ್ ಹಾಕುವ ಹುಡುಗಿ ಮತ್ತು ಬಟ್ಟೆ ಹಾಸುವ ಕಾರ್ಮಿಕರು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅವರ ಕೆಲಸವನ್ನು ಹಾಗೆ ಬರೆದಿರುವುದು ಅಪರೂಪ.

ಏಕೆಂದರೆ ಪುಸ್ತಕ ಬರೆಯುವ ರೀತಿಯೇ ತಪ್ಪಾಗಿದೆ. ಬಹುತೇಕ ಸಂಸ್ಥೆಗಳಲ್ಲಿ ಕಸದ ಖರ್ಚು ಎಂದರೆ ಲಾರಿಯ ಬಾಡಿಗೆ, ಗುತ್ತಿಗೆದಾರನ ಬಿಲ್ಲು, ಅದರಿಂದ ಗುಜರಿಗೆ ಮಾರಿದ ಹಣ ಕಳೆದರೆ ಉಳಿಯುವ ಚಿಲ್ಲರೆ ಮೊತ್ತ. ಆ ಚಿಂದಿಯನ್ನು ಬಟ್ಟೆಯಾಗಿದ್ದಾಗ ಕೊಂಡ ಬೆಲೆ, ಬಣ್ಣಕ್ಕೆ, ಸಾಗಣೆಗೆ, ಹಾಸುವ ಕೂಲಿಗೆ, ವಿದ್ಯುತ್ತಿಗೆ ಕೊಟ್ಟ ದುಡ್ಡು ಎಲ್ಲಿ ಹೋಯಿತು? ಅದೆಲ್ಲ ಮಾರಾಟವಾದ ಅಂಗಿಯ ಮೇಲೆ ಕೂತಿರುತ್ತದೆ. ಮಿಕ್ಕ ಸಾಮಾನಿಗೂ ಅದರ ಪಾಲಿನ ಖರ್ಚನ್ನು ಹೊರಿಸಿ ಲೆಕ್ಕ ಬರೆಯುವ ಪದ್ಧತಿ ಜರ್ಮನಿಯಲ್ಲಿ ಹುಟ್ಟಿ, ಜಪಾನಿನ ಕಾರ್ಖಾನೆಗಳಲ್ಲಿ ಪಳಗಿ, 2011ರಲ್ಲಿ ಐಎಸ್‌ಒ 14051 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದಕ್ಕೂ ಮುಂಚೆ, 1975ರಲ್ಲೇ, ಅಮೆರಿಕದ 3ಎಂ ಕಂಪನಿ ಮಾಲಿನ್ಯವನ್ನು ಮೂಲದಲ್ಲೇ ತಡೆದರೆ ದುಡ್ಡು ಉಳಿಯುತ್ತದೆ ಎಂಬ ಕಾರ್ಯಕ್ರಮ ಶುರುಮಾಡಿತ್ತು. ಡೆನ್ಮಾರ್ಕಿನ ಕಲುಂಡ್‌ಬೋರ್ಗ್‌ನಲ್ಲಿ 1970ರ ದಶಕದಿಂದ ಒಂದು ಕಾರ್ಖಾನೆಯ ಹಬೆ, ಬೂದಿ, ಅನಿಲ ಪಕ್ಕದ ಕಾರ್ಖಾನೆಯ ಕಚ್ಚಾವಸ್ತುವಾಗುತ್ತ ಬಂದಿದೆ. ವಿಚಾರ ಹೊಸದಲ್ಲ. ನಮ್ಮಲ್ಲಿ ಅದು ಇನ್ನೂ ಲೆಕ್ಕಿಗರ ಕೋಣೆಗೆ ಕಾಲಿಟ್ಟಿಲ್ಲ.

ಹೋಟೆಲ್ ಉದ್ಯಮಕ್ಕೆ ಬರೋಣ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹೊರಹಾಕುವವರನ್ನು ಸಗಟು ತ್ಯಾಜ್ಯ ಉತ್ಪಾದಕರೆಂದು ಗುರುತಿಸಿ, ಮೂಲದಲ್ಲೇ ವಿಂಗಡಿಸಿ, ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಗೊಬ್ಬರವೋ ಅನಿಲವೋ ಮಾಡಬೇಕೆಂದು ಹೇಳಿದವು. ಗಿರಾಕಿ ಚೆನ್ನಾಗಿರುವ ದರ್ಶಿನಿಯೊಂದು ಈ ಮಿತಿ ದಾಟುವುದು ಕಷ್ಟವೇನಲ್ಲ. ತರಕಾರಿ ಸಿಪ್ಪೆ, ತೆಂಗಿನ ಚಿಪ್ಪು, ಡಿಕಾಕ್ಷನ್ ತೆಗೆದ ಕಾಫಿಪುಡಿ, ಕರಿದ ಎಣ್ಣೆ, ತಟ್ಟೆಯಲ್ಲಿ ಬಿಟ್ಟ ಸಾಂಬಾರು ಅನ್ನ, ಪಾರ್ಸೆಲ್ ಕವರು. ಬೇರೆಬೇರೆಯಾಗಿದ್ದಾಗ ಇದರಲ್ಲಿ ಹೆಚ್ಚಿನದಕ್ಕೆ ಗಿರಾಕಿ ಇದ್ದಾನೆ. ಚಿಪ್ಪಿಗೆ ಇದ್ದಿಲಿನವರು, ಉಳಿದ ಅನ್ನಕ್ಕೆ ಹಂದಿ ಸಾಕುವವರು ಬರುತ್ತಾರೆ. ಕರಿದ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಪೋಲಾರ್ ಸಂಯುಕ್ತಗಳು ನೂರಕ್ಕೆ 25 ಪಾಲು ದಾಟಿದರೆ ಅಡುಗೆಗೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಕಟ್ಟಳೆ ಜಾರಿಗೆ ತಂದಿತು, ಆ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡುವ ವ್ಯವಸ್ಥೆಯನ್ನೂ ಆರಂಭಿಸಿತು. ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಮಾತ್ರ ಎಲ್ಲದರ ಬೆಲೆಯೂ ಹೋಗುತ್ತದೆ.

ಡ್ರಮ್ಮು ತುಂಬುವುದು ತಟ್ಟೆ ತೊಳೆಯುವ ಜಾಗದಲ್ಲಿ. ಅಲ್ಲಿ ನಿಂತ ಹುಡುಗನ ಮುಂದೆ ಒಂದೇ ಬಕೆಟ್ ಇದ್ದರೆ ಟಿಶ್ಯೂ ಕಾಗದ, ನಿಂಬೆಹೋಳು, ಚಟ್ನಿ, ಪ್ಲಾಸ್ಟಿಕ್ ಚಮಚ ಎಲ್ಲ ಒಟ್ಟಿಗೆ ಬೀಳುತ್ತವೆ. ಕೈಗೆಟುಕುವ ಅಂತರದಲ್ಲಿ ಎರಡು ಬಕೆಟ್ ಇಟ್ಟರೆ ಅವನೇ ಬೇರೆ ಮಾಡುತ್ತಾನೆ. ರಾತ್ರಿ ಹತ್ತು ಗಂಟೆಗೆ ಹಿತ್ತಲಲ್ಲಿ ಇನ್ನೊಬ್ಬನನ್ನು ಕೂರಿಸಿ ಕೊಳೆತ ರಾಶಿಯಿಂದ ಪ್ಲಾಸ್ಟಿಕ್ ಹೆಕ್ಕಿಸುವುದು ಅಮಾನವೀಯ, ದುಬಾರಿ ಕೂಡ. ಇನ್ನೂ ಮುಂಚಿನ ಹಂತ ಒಲೆಯ ಮೇಲಿದೆ. ಮಧ್ಯಾಹ್ನ ಎಷ್ಟು ಸಾಂಬಾರು ಉಳಿಯಿತು, ಸೋಮವಾರ ಎಷ್ಟು, ಏಕಾದಶಿಯ ದಿನ ಎಷ್ಟು ಎಂದು ಕೆಲವು ವಾರ ಅಳೆದು ಬರೆದರೆ ಭಟ್ಟರಿಗೆ ಕೊಪ್ಪರಿಗೆಯ ಅಳತೆ ಬದಲಿಸಲು ಆಧಾರ ಸಿಗುತ್ತದೆ. ಚೆಲ್ಲುವ ಸಾಂಬಾರಿನಲ್ಲಿ ಬೇಳೆ, ಗ್ಯಾಸು, ಕೂಲಿ ಮೂರೂ ಇವೆ.

ಹೀಗೆ ಮೂಲದಲ್ಲೇ ವಿಂಗಡಿಸದೆ ಬಿಟ್ಟಾಗ ಏನಾಗುತ್ತದೆಂದು ಬೆಂಗಳೂರು ಕಂಡಿದೆ, ಬೆಂಗಳೂರಿಗಿಂತ ಹೆಚ್ಚಾಗಿ ಅದರ ಸುತ್ತಲಿನ ಹಳ್ಳಿಗಳು ಕಂಡಿವೆ. ಮನೆ, ಹೋಟೆಲು, ಮಾರುಕಟ್ಟೆ, ಕಚೇರಿಗಳ ಬೆರಕೆ ಕಸವೆಲ್ಲ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗುತ್ತಿತ್ತು. 2012ರಲ್ಲಿ ಮಾವಳ್ಳಿಪುರ ಬಾಗಿಲು ಹಾಕಿದಾಗ ನಗರದ ರಸ್ತೆಗಳಲ್ಲಿ ಕಸ ಗುಡ್ಡೆ ಬಿತ್ತು. ಹೈಕೋರ್ಟ್ ಮೂಲದಲ್ಲೇ ವಿಂಗಡಣೆ ಕಡ್ಡಾಯವೆಂದಿತು. ಮಂಡೂರಿನ ಜನ ಲಾರಿಗಳನ್ನು ಅಡ್ಡಗಟ್ಟಿ ಕೂತ ಮೇಲೆ 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಹಾಕುವುದು ನಿಂತಿತು. ಆ ಊರುಗಳ ಅಂತರ್ಜಲ, ಕೆರೆ, ಜನರ ಆರೋಗ್ಯ ಕೆಟ್ಟದ್ದಕ್ಕೆ ಯಾವ ಉದ್ಯಮದ ಲಾಭನಷ್ಟದ ಪಟ್ಟಿಯಲ್ಲೂ ಒಂದು ಸಾಲು ಬರಲಿಲ್ಲ. ಹಿತ್ತಲ ಗೇಟಿನಿಂದ ಲಾರಿ ಹೊರಟಿತೆಂದರೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸಿದ ಸಾವಿರಾರು ಸಂಸ್ಥೆಗಳ ನಿರ್ಧಾರ ಸೇರಿ ಮಂಡೂರು ಆಯಿತು.

ಹಾಗೆ ಹೊರಟ ಕಸದಲ್ಲಿ ಬೆಲೆಯಿರುವುದನ್ನು ಬಿಡಿಸಿ ಉಳಿಸಿದವರು ಚಿಂದಿ ಆಯುವವರು, ಗುಜರಿ ಅಂಗಡಿಯವರು. ಬೆಂಗಳೂರಿನ ಜಾಲಿ ಮೊಹಲ್ಲಾದ ಗೋದಾಮುಗಳು, ನಾಯಂಡಹಳ್ಳಿಯ ಪ್ಲಾಸ್ಟಿಕ್ ಘಟಕಗಳು ಪಾಲಿಕೆಗೆ ಯೋಜನೆ ಹೊಳೆಯುವ ಮೊದಲೇ ಇದ್ದವು. ಹಸಿರು ದಳದಂಥ ಸಂಘಟನೆಗಳ ಒತ್ತಾಯದಿಂದ ಈ ಕೆಲಸಗಾರರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು, ವಾರ್ಡುಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ಅವರಲ್ಲಿ ಹಲವರು ನಡೆಸತೊಡಗಿದರು. ಆದರೆ ಅವರ ಅನ್ನ ಮಾರುಕಟ್ಟೆಯ ದರಕ್ಕೆ ಕಟ್ಟಿದೆ. 2020ರಲ್ಲಿ ಕಚ್ಚಾತೈಲ ಕುಸಿದು ಹೊಸ ಪ್ಲಾಸ್ಟಿಕ್ ಅಗ್ಗವಾದಾಗ ಹಳೆಯ ಬಾಟಲಿಗೆ ಬೆಲೆ ಬಿತ್ತು. ಇನ್ನು ಚಿಪ್ಸ್ ಪೊಟ್ಟಣದಂಥ ಹಲವು ಪದರದ ಪ್ಲಾಸ್ಟಿಕ್ಕಿಗೆ ಮೊದಲಿನಿಂದಲೂ ಬೆಲೆಯಿಲ್ಲ. ಆಯುವವರು ಅದನ್ನು ಮುಟ್ಟುವುದಿಲ್ಲ, ಚರಂಡಿ ಕಟ್ಟುವುದು ಅದೇ. ಈ ಕೊರತೆ ತುಂಬಲೆಂದೇ ಪ್ಯಾಕೆಟ್ ಮಾಡಿದ ಕಂಪನಿಯೇ ಅದನ್ನು ವಾಪಸು ಪಡೆಯುವ ಹೊಣೆ ಹೊರಬೇಕೆಂಬ ಮಾರ್ಗಸೂಚಿ 2022ರ ಫೆಬ್ರವರಿಯಲ್ಲಿ ಬಂತು. ಕಂಪನಿ ತಾನೇ ಸಂಗ್ರಹಿಸಬೇಕಿಲ್ಲ, ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡರೂ ಸಾಕು. ಮರುವರ್ಷವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕವು. ಅವುಗಳನ್ನು ಸೃಷ್ಟಿಸಿದ ಘಟಕಗಳು ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾಗದಕ್ಕೆ ಬೆಲೆ ಬಂತು, ಪೊಟ್ಟಣಕ್ಕೆ ಬರಲಿಲ್ಲ. ಪೊಟ್ಟಣವನ್ನೇ ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡುವ ಕಂಪನಿ ನಿಜವಾದ ಯೋಜನೆ ಮಾಡಿದೆ ಎನ್ನಬೇಕು. ಉಳಿದವರು ಪ್ರಮಾಣಪತ್ರ ಮಾತ್ರ ಕೊಂಡಿದ್ದಾರೆ.

ಸಣ್ಣ ಉದ್ಯಮಗಳ ಪಾಡು ಬೇರೆಯೇ. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೆ ಇಳಿದಿರುವುದು ದಾಖಲಾಗಿರುವ ಸಂಗತಿ. ಐದಾರು ಕೆಲಸಗಾರರಿರುವ ಶೆಡ್ಡಿನ ಮಾಲೀಕನಿಗೆ ಸ್ವಂತ ಶುದ್ಧೀಕರಣ ಘಟಕ ಕಟ್ಟು ಎಂದರೆ ಆತ ಒಂದೋ ಬಾಗಿಲು ಹಾಕುತ್ತಾನೆ, ಇಲ್ಲವೇ ರಾತ್ರಿ ಮೋರಿಗೆ ಬಿಡುತ್ತಾನೆ. ಪ್ಲೇಟಿಂಗ್ ತೊಟ್ಟಿಯಿಂದ ಎತ್ತಿದ ಬಿಡಿಭಾಗವನ್ನು ಕೆಲವು ಕ್ಷಣ ಹೆಚ್ಚು ತೊಟ್ಟಿಕ್ಕಲು ಬಿಟ್ಟರೆ, ಒಂದರ ಬದಲು ಎರಡು ಮೂರು ತೊಟ್ಟಿಗಳಲ್ಲಿ ಸರದಿಯಾಗಿ ಅದ್ದಿ ತೊಳೆದರೆ ರಾಸಾಯನಿಕವೂ ನೀರೂ ಎರಡೂ ಉಳಿಯುತ್ತವೆ. ಇಷ್ಟನ್ನು ಆತ ತಾನೇ ಮಾಡಬಲ್ಲ. ಮಿಕ್ಕ ಕೆಸರಿಗೆ ಸಾಮೂಹಿಕ ಘಟಕವೇ ಬೇಕು. ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯಲ್ಲಿ ಸಾಮೂಹಿಕ ವಿಲೇವಾರಿ ಕೇಂದ್ರವಿದೆ, ಇ-ತ್ಯಾಜ್ಯ ಬಿಡಿಸುವ ಅಧಿಕೃತ ಘಟಕವೂ ಅದೇ ಪ್ರದೇಶದಲ್ಲಿ 2005ರಷ್ಟು ಹಿಂದೆಯೇ ಆರಂಭವಾಗಿದೆ. ಅಲ್ಲಿಯವರೆಗೆ ಸಾಗಿಸುವ ಖರ್ಚು ಸಣ್ಣವನಿಗೆ ಎಟುಕುವಂತೆ ಮಾಡುವುದು ಕೈಗಾರಿಕಾ ಪ್ರದೇಶಗಳ ಸಂಘಗಳೂ ಸರ್ಕಾರವೂ ಸೇರಿ ಮಾಡಬೇಕಾದ ಕೆಲಸ. ಈ ಖರ್ಚನ್ನು ಒಬ್ಬಂಟಿ ಮಾಲೀಕನ ಮೇಲೆ ಹೊರಿಸಿ ಕಾನೂನು ಪಾಲನೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಬೆಲೆಯಿಲ್ಲದ್ದಕ್ಕೆ ಕಾನೂನು ಬೆಲೆ ಕಟ್ಟಿದರೆ ಕೆಲಸವಾಗುತ್ತದೆ ಎನ್ನುವುದಕ್ಕೆ ಹಾರುಬೂದಿ ಸಾಕ್ಷಿ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಂಥ ಕಡೆ ಸುಡುವ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಬೂದಿ. 1999ರ ಅಧಿಸೂಚನೆಯಿಂದ ಆರಂಭವಾಗಿ 2021ರ ಡಿಸೆಂಬರ್ 31ರ ಅಧಿಸೂಚನೆಯ ಹೊತ್ತಿಗೆ ಪೂರ್ತಿ ಬೂದಿಯನ್ನು ಬಳಸಲೇಬೇಕು, ಬಳಸದೆ ಉಳಿದದ್ದಕ್ಕೆ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು ಎನ್ನುವವರೆಗೆ ಕಾನೂನು ಬಂತು. ಬೂದಿ ಸಿಮೆಂಟಿಗೆ, ಇಟ್ಟಿಗೆಗೆ, ರಸ್ತೆಗೆ ಹೋಗತೊಡಗಿತು. ಹಳೆಯ ಹೊಂಡಗಳಲ್ಲಿ ಕೂತದ್ದನ್ನು ಖಾಲಿ ಮಾಡುವ ಕೆಲಸ ಮಾತ್ರ ನಿಧಾನವಾಗಿ ಸಾಗಿದೆ.

ಹಳೆಯದೇ ಅತ್ಯಂತ ಭಾರವಾದದ್ದು. ಕೋಲಾರದ ಚಿನ್ನದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಕೆಲಸ ನಡೆಸಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಿರನ್ನು ಪುಡಿ ಮಾಡಿ, ಸಯನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು 13 ದಿಬ್ಬಗಳಾಗಿ, ಸಾವಿರ ಎಕರೆಯಷ್ಟು ಜಾಗದಲ್ಲಿ, ಸುಮಾರು 3.3 ಕೋಟಿ ಟನ್ ಬಿದ್ದಿದೆ. ಬೇಸಿಗೆಯ ಗಾಳಿಗೆ ಅದರ ಧೂಳು ಮನೆಗಳೊಳಗೆ ಬರುತ್ತದೆ, ಮಳೆಗೆ ಕರಗಿ ಹೊಲಗಳಿಗೆ ಇಳಿಯುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿತು. ಬೆಲೆ ಕಂಡ ಮೇಲಷ್ಟೇ ಸರ್ಕಾರಗಳ ಕಣ್ಣು ಅತ್ತ ಹೊರಳಿತು; ಎರಡು ದಶಕ ಆ ಧೂಳು ಕುಡಿದವರ ದೂರು ಅದಕ್ಕೆ ಸಾಲಲಿಲ್ಲ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಅದಿರಿನ ಪುಡಿ ಮಂಗಳೂರಿಗೆ ಕೊಳವೆಯಲ್ಲಿ ಹೋಗುತ್ತಿತ್ತು, ಮಿಕ್ಕ ಹೂಳು ನೂರು ಮೀಟರ್ ಎತ್ತರದ ಲಖ್ಯಾ ಅಣೆಕಟ್ಟೆಯ ಹಿಂದೆ ನಿಂತಿದೆ. ಅದಿರಿನಿಂದ ಬರುವ ಆದಾಯ ನಿಂತುಹೋದರೂ ಆ ಕಟ್ಟೆಯ ಸುಭದ್ರತೆ ನೋಡಿಕೊಳ್ಳುವ ಖರ್ಚು ನಿಲ್ಲುವುದಿಲ್ಲ, ಕೆಳಗೆ ಭದ್ರಾ ನದಿ ಇರುವವರೆಗೂ.

ಗಣಿಗಳಿಗೆ ಈಗ ಮುಚ್ಚುವ ಯೋಜನೆಯನ್ನು ಮೊದಲೇ ಕೊಡಬೇಕು, ಅದಕ್ಕೆ ಹಣದ ಖಾತರಿ ಇಡಬೇಕು ಎಂಬ ನಿಯಮ 2003ರಿಂದ ಇದೆ. ಡಿಸ್ಟಿಲರಿಗೆ, ಬಣ್ಣದ ಕಾರ್ಖಾನೆಗೆ, ಪ್ಲೇಟಿಂಗ್ ಶೆಡ್ಡಿಗೆ ಅಂಥ ಠೇವಣಿ ಕೇಳುವ ರೂಢಿಯಿಲ್ಲ. ಅವು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನೆಗೆ ಸಮ್ಮತಿ ಕೇಳುವಾಗಲೇ ಎಷ್ಟು ಕೆಸರು, ಎಷ್ಟು ಬೂದಿ, ಎಷ್ಟು ಕೊಳೆನೀರು ಬರುತ್ತದೆಂದು ಅರ್ಜಿಯಲ್ಲಿ ಬರೆಯುತ್ತವೆ. ಅದೇ ಅರ್ಜಿಯ ಜೊತೆ, ಗಿರಾಕಿಯಿಲ್ಲದ ಭಾಗಕ್ಕೆ ಟನ್ನಿಗಿಷ್ಟೆಂದು ಹಣ ಇಡಿಸಿ, ಕಡಿಮೆ ಮಾಡಿದಷ್ಟೂ ಬಡ್ಡಿ ಸಮೇತ ವಾಪಸು ಕೊಡುವ ವ್ಯವಸ್ಥೆ ಬಂದರೆ ಯಂತ್ರ ಕೊಳ್ಳುವ ಹೊತ್ತಿಗೇ ಮಾಲೀಕ ಮಿಕ್ಕುವುದರ ಬಗ್ಗೆ ಯೋಚಿಸುತ್ತಾನೆ.

ಅದು ಬರುವವರೆಗೆ ಒಂದು ಲೆಕ್ಕ ಈಗಾಗಲೇ ಕೈಯಲ್ಲಿದೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಸುಸ್ಥಿರತೆಯ ವರದಿ ಕೊಡುತ್ತಿವೆ. ಅದರಲ್ಲಿ ಪ್ಲಾಸ್ಟಿಕ್, ಇ-ತ್ಯಾಜ್ಯ, ಕಟ್ಟಡದ ಅವಶೇಷ, ಬ್ಯಾಟರಿ, ಅಪಾಯಕಾರಿ ತ್ಯಾಜ್ಯ ಎಂದು ಬೇರೆಬೇರೆ ಟನ್ ಲೆಕ್ಕದ ಒಂದು ಪಟ್ಟಿಯಿದೆ: ಎಷ್ಟು ಹುಟ್ಟಿತು, ಎಷ್ಟು ಮರುಬಳಕೆಯಾಯಿತು ಅಥವಾ ಬೇರೆ ರೀತಿ ಉಪಯೋಗಕ್ಕೆ ಬಂತು, ಎಷ್ಟನ್ನು ಸುಟ್ಟರು, ಹೂಳಿದರು ಅಥವಾ ಬೇರೆ ರೀತಿ ವಿಲೇವಾರಿ ಮಾಡಿದರು. ಭೂಭರ್ತಿಗೆ ಒಂದು ಕಿಲೋ ಕೂಡ ಕಳಿಸಿಲ್ಲವೆಂದು ದೊಡ್ಡಕ್ಷರದಲ್ಲಿ ಹೇಳುವ ಕಂಪನಿ ಎಷ್ಟನ್ನು ಸಿಮೆಂಟ್ ಗೂಡುಗಳಲ್ಲಿ ಸುಡಿಸಿತು ಎನ್ನುವುದೂ ಕೆಲವೊಮ್ಮೆ ಆ ವರದಿಯೊಳಗೇ ಸಿಗುತ್ತದೆ. ಷೇರು ಕೊಳ್ಳುವವರು, ಸಾಲ ಕೊಡುವ ಬ್ಯಾಂಕಿನವರು, ಆ ಕಾರ್ಖಾನೆಯ ಪಕ್ಕದ ಗ್ರಾಮ ಪಂಚಾಯಿತಿಯವರು ಮೊದಲ ಸಂಖ್ಯೆಯಿಂದ ಉಳಿದೆರಡನ್ನೂ ಕಳೆದು ನೋಡಲಿ. ಲೆಕ್ಕ ಸರಿಹೊಂದದಿದ್ದರೆ, ಆ ವರ್ಷದ ವ್ಯತ್ಯಾಸದಷ್ಟು ಕಸ ಕಾಂಪೌಂಡಿನೊಳಗೇ ಬಿದ್ದಿರಬಹುದು. ಎಲ್ಲಿ ಬಿದ್ದಿದೆ, ಯಾವ ತಾರೀಖಿನೊಳಗೆ ಹೋಗುತ್ತದೆ, ಆ ಖರ್ಚಿಗೆ ಎಷ್ಟು ಹಣ ಎತ್ತಿಟ್ಟಿದ್ದೀರಿ ಎಂದು ವಾರ್ಷಿಕ ಸಭೆಯಲ್ಲೂ ಗ್ರಾಮಸಭೆಯಲ್ಲೂ ಕೇಳಬೇಕು.